ಸಂಬಳ ತಗೊಂಡ ಮೇಲೆ ಅದು ಸಮಾಜಸೇವೆ ಹೇಗಾಗುತ್ತದೆ?

ಪ್ರಶ್ನೆ: ಮಗಳ ಬಿಎ ಮುಗಿಯಿತು. ಮುಂದೆ ಎಂಎಸ್‌ಡಬ್ಲ್ಯು (ಮಾಸ್ಟರ್ ಆಫ್ ಸೋಶಿಯಲ್ ವರ್ಕ್) ಮಾಡುತ್ತೇನೆ ಎನ್ನುತ್ತಾಳೆ. ನಮ್ಮ ಉಡುಪಿ ಕಡೆ ಎಷ್ಟೋ ಜನ ಒಂದು ಪೈಸೆ ಮುಟ್ಟದೆ ಸಮಾಜಸೇವೆ ಮಾಡುತ್ತಾರೆ. ಅದಕ್ಕೆ ಎರಡು ವರ್ಷ ಓದುವುದು ಯಾಕೆ? ಸಂಬಳ ತಗೊಂಡರೆ ಅದು ಸೇವೆ ಹೇಗಾಗುತ್ತದೆ?

ಉತ್ತರ: ಸಂಬಳ ತಗೊಂಡರೆ ಅದು ಸೇವೆ ಅಲ್ಲ, ಕೆಲಸ. ನೀವು ಹೇಳುವುದು ಸರಿ. ಆ ಓದಿನ ಕನ್ನಡ ಹೆಸರಲ್ಲೇ ಅದು ಇದೆ: ಸಮಾಜಕಾರ್ಯ. ನಾವೆಲ್ಲ ಮಾತಿನಲ್ಲಿ ಸಮಾಜಸೇವೆ ಎಂದುಬಿಡುತ್ತೇವೆ. ಗೊಂದಲ ಶುರುವಾಗುವುದು ಅಲ್ಲೇ.

ಸೇವೆ ದೊಡ್ಡದು. ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು ತಮ್ಮ ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆ ಆಯಿತು. ಅವರು ಯಾವ ಡಿಗ್ರಿಯನ್ನೂ ಮಾಡಿದವರಲ್ಲ. ಅಂಥವರ ಮುಂದೆ ನಾನು ತಲೆ ಬಾಗುತ್ತೇನೆ. ಆದರೆ ಸೇವೆ ಮಾಡುವವರು ಬಂದ ದಿನ ಬರುತ್ತಾರೆ, ಬಾರದ ದಿನ ಯಾರೂ ಕೇಳುವ ಹಾಗಿಲ್ಲ. ಕೆಲಸ ಹಾಗಲ್ಲ. ಮನಸ್ಸು ಸರಿ ಇಲ್ಲದ ದಿನವೂ ಹೋಗಬೇಕು. ನಮಗೆ ಇಷ್ಟವಾಗದ ಮನುಷ್ಯನ ಮನೆಗೂ ಹೋಗಬೇಕು. ಬಾರದಿದ್ದರೆ "ನಿನ್ನೆ ಯಾಕೆ ಬರಲಿಲ್ಲ?" ಎಂದು ಅವನು ಕೇಳಬಹುದು. ಸಂಬಳದ ಬೆಲೆ ನನಗೆ ಕಾಣುವುದು ಇಲ್ಲಿ. ದಾನ ಕೊಟ್ಟವರನ್ನು ಪ್ರಶ್ನೆ ಮಾಡಲು ಬಡವರಿಗೆ ಬಾಯಿ ಬರುವುದಿಲ್ಲ. ಸಂಬಳ ತಗೊಂಡು ಬಂದವಳನ್ನು ಕೇಳಬಹುದು, ಅಲ್ವಾ?

ಉಡುಪಿಯವರಿಗೆ ಇದು ಗೊತ್ತಿರುವ ವಿಷಯವೇ. 1925ರಲ್ಲಿ ಅಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಂಥ ಚಿಲ್ಲರೆ ಹಣವನ್ನು ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಪದ್ಧತಿ. ಪಿಗ್ಮಿ ಕಲೆಕ್ಟರ್ ಮೇಲೆ ಜನರಿಗೆ ನಂಬಿಕೆ ಬಂದದ್ದು ಅವರು ದಯಾಳು ಎಂಬ ಕಾರಣಕ್ಕಲ್ಲ. ದಿನಾ ಬರುತ್ತಿದ್ದರು, ತಗೊಂಡದ್ದನ್ನು ಬರೆದುಕೊಡುತ್ತಿದ್ದರು. ಸಮಾಜಕಾರ್ಯದ ನಿಷ್ಠೆ ಎಂದರೆ ನನ್ನ ಕಣ್ಣಿಗೆ ಬರುವುದು ಆ ಸೈಕಲ್ಲು ಮತ್ತು ಆ ಪುಸ್ತಕ.

ಇನ್ನು ಓದು ಯಾಕೆ? ಇದಕ್ಕೆ ಒಬ್ಬ ಮನುಷ್ಯನ ಕತೆ ಹೇಳುತ್ತೇನೆ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಮಾಜಕಾರ್ಯಕರ್ತೆ ಆಗಿದ್ದೆ. ಒಂದು ಸಲ ಮೀನಿನ ಬೋಟು ನಿಲ್ಲುವ ದಕ್ಕೆಯಿಂದ ಒಬ್ಬರನ್ನು ಕರೆತಂದರು. ಕೊಪ್ಪಳ ಕಡೆಯವರು, ಬೋಟಿನಲ್ಲಿ ಕೆಲಸ. ಕಡಲಿನಲ್ಲೇ ಸ್ಟ್ರೋಕ್ ಆಗಿ ಎಡಬದಿ ಬಿದ್ದುಹೋಗಿತ್ತು. ಅವರು ಊರಿಗೆ ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಇರುವಾಗ. ಪಕ್ಕದ ಬೆಡ್ಡಿನವರ ಸಂಬಂಧಿಯೊಬ್ಬರು ಪಾಪ ಅನಿಸಿ 2,000 ರೂಪಾಯಿ ಕೊಟ್ಟರು. ಒಳ್ಳೆಯ ಮನಸ್ಸು. ಆದರೆ ಆ ಹಣ ಒಂದು ದಿನದ ಮದ್ದಿಗೂ ಸಾಲಲಿಲ್ಲ. ಬೇಕಿದ್ದದ್ದು ಅವರ ಬಿಪಿಎಲ್ ಕಾರ್ಡು. ಅದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡು ಊರಲ್ಲಿತ್ತು. ಹೆಂಡತಿಗೆ ಫೋನು ಮಾಡಿ, ವಾಟ್ಸ್ಯಾಪ್‌ನಲ್ಲಿ ಫೋಟೊ ತರಿಸಿ, ಕೌಂಟರಿನಿಂದ ಕೌಂಟರಿಗೆ ಓಡಾಡಿದೆವು. ಇಷ್ಟನ್ನು ಚುರುಕಾಗಿರುವ ಯಾರಾದರೂ ಮಾಡಬಹುದು.

ನಿಜವಾದ ಕಷ್ಟ ಡಿಸ್ಚಾರ್ಜ್ ಹೊತ್ತಿಗೆ ಬಂತು. ಊರಿಗೆ ಕಳಿಸಿ ಎಂದು ಎಲ್ಲರೂ ಹೇಳಿದರು. ಬೋಟು ನಡೆಸುವ ತಾಂಡೇಲರು ಬಸ್ಸಿನ ದುಡ್ಡು ಹಿಡಿದುಕೊಂಡೇ ಬಂದಿದ್ದರು. ಆ ಮನುಷ್ಯ ಒಪ್ಪಲಿಲ್ಲ. "ಎದ್ದು ನಿಲ್ಲೋಮಟ ಊರಿಗೆ ಹೋಗಂಗಿಲ್ರಿ ಅಕ್ಕಾ" ಎಂದರು. ಹಟ ಎಂದು ಎಲ್ಲರೂ ಬೈದರು. ಬೈಯದೆ ಪಕ್ಕದಲ್ಲಿ ಕುಳಿತು ಯಾಕೆ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಒಂದೇ ದಿನದಲ್ಲಿ ಅವರು ಬಾಯಿ ಬಿಡಲಿಲ್ಲ. ಮೂರನೇ ದಿನ ಹೇಳಿದರು. ಹೆಂಡತಿಯ ಹೆಸರಲ್ಲಿ ಊರಲ್ಲಿ ಸಾಲ ಇತ್ತು. ದುಡಿಯುವ ಗಂಡಸು ಮಲಗಿಕೊಂಡು ಬಂದ ಎಂದು ಗೊತ್ತಾದ ದಿನವೇ ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ ಎಂಬ ಹೆದರಿಕೆ.

ಅವರ ಒಪ್ಪಿಗೆ ಕೇಳಿಯೇ ಹೆಂಡತಿಯ ಹತ್ತಿರ ಮಾತಾಡಿದೆ. ಇನ್ನೂ ಮೂರು ವಾರ ಇಲ್ಲೇ ಫಿಸಿಯೋಥೆರಪಿ ಮಾಡಿಸಿದೆವು. ಅವರು ಕೋಲು ಹಿಡಿದು ನಡೆದುಕೊಂಡೇ ಬಸ್ಸು ಹತ್ತಿದರು. ಸಾಲ ಹಾಗೇ ಇತ್ತು. ಅದನ್ನು ನಾನು ತೀರಿಸಲಿಲ್ಲ, ತೀರಿಸುವುದು ನನ್ನ ಕೆಲಸವೂ ಅಲ್ಲ. ಆದರೆ ಕಂತನ್ನು ಮುಂದಕ್ಕೆ ಹಾಕಿ ಎಂದು ಹೆಂಡತಿಯೇ ಹೋಗಿ ಕೇಳುವಷ್ಟು ಧೈರ್ಯ ಆ ಮೂರು ವಾರದಲ್ಲಿ ಬಂದಿತ್ತು.

ಹೀಗೆ ಕಾದು ಕೇಳುವುದು ಹುಟ್ಟಿನಿಂದ ಬರುವುದಿಲ್ಲ. ನನಗಂತೂ ಬಂದಿರಲಿಲ್ಲ. ಎಂಎಸ್‌ಡಬ್ಲ್ಯು ಓದುವಾಗ ವಾರದಲ್ಲಿ ಎರಡು ದಿನ ಫೀಲ್ಡ್‌ವರ್ಕ್ ಇತ್ತು. ಬೀಡಿ ಕಟ್ಟುವ ಒಬ್ಬ ಅಮ್ಮನ ಮನೆಗೆ ಹೋಗುತ್ತಿದ್ದೆ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ಮೇಲೆ ಅವರಿಗೆ ಮಾತಿಗೆ ಸ್ವಲ್ಪ ಪುರುಸೊತ್ತು. ಗಂಡನ ಕುಡಿತದ ವಿಷಯ ನನ್ನ ಹತ್ತಿರ ಹೇಳಿಕೊಂಡರು. ಸಹಾಯ ಆಗಲಿ ಎಂದು ಅದನ್ನು ನಾನು ಪಕ್ಕದ ಮನೆಯವರಿಗೆ ಹೇಳಿಬಿಟ್ಟೆ. ಮುಂದಿನ ವಾರ ಆ ಬಾಗಿಲು ತೆರೆಯಲಿಲ್ಲ. ಒಳಗೆ ಎಲೆ ಕತ್ತರಿಸುವ ಕತ್ತರಿಯ ಸದ್ದು ಕೇಳುತ್ತಿತ್ತು. ನಮ್ಮ ಮೇಡಂ ನನ್ನ ಫೀಲ್ಡ್‌ವರ್ಕ್ ವರದಿ ಓದಿ ಗದರಲಿಲ್ಲ. "ಆ ಮಾತು ನಿನ್ನದಾಗಿತ್ತಾ?" ಎಂದು ಮಾತ್ರ ಕೇಳಿದರು. ಗುಟ್ಟು ಕಾಯುವುದನ್ನು ನಾನು ಕಲಿತದ್ದು ಆ ಮುಚ್ಚಿದ ಬಾಗಿಲಿನಿಂದ.

ಬಡವರಿಗೆ ದಿನಸಿ ಕಿಟ್ ಕೊಡುವಾಗ ಫೋಟೊ ತೆಗೆದು ಸ್ಟೇಟಸ್ ಹಾಕುವುದು ಈಗ ಎಲ್ಲ ಕಡೆ ಉಂಟು. ನನಗೆ ಅದು ನಿಜವಾಗಿ ನೋವು ಕೊಡುತ್ತದೆ. ಅಕ್ಕಿ ತಗೊಳ್ಳುವ ಅಮ್ಮನ ಮುಖ ಊರಿಡೀ ನೋಡುತ್ತದೆ. ಓದಿದವರು ಇದನ್ನು ಮಾಡಬಾರದು. ಸಂಕಷ್ಟದಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧವೂ ಹೌದು. ಅದೇ ಕಾಯ್ದೆಯ ಪ್ರಕಾರ, ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ. ಒಂದು ಮಗುವಿನ ಮುಂದಿನ ಬದುಕು ಅಲ್ಲಿ ತೀರ್ಮಾನ ಆಗುತ್ತದೆ. ಅಲ್ಲಿಗೆ ಒಳ್ಳೆಯ ಮನಸ್ಸೊಂದೇ ಸಾಲದು.

ಈ ಮಾತು ನಮ್ಮ ಕರಾವಳಿಗೆ ಹೊಸದೂ ಅಲ್ಲ. ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿದೆ. 1859ರಲ್ಲಿ ಹುಟ್ಟಿ 1928ರಲ್ಲಿ ತೀರಿಕೊಂಡವರು. ದಲಿತ ಮಕ್ಕಳಿಗೆ ಶಾಲೆ ತೆರೆದರು, ಕೈಕಸುಬು ಕಲಿಸಿದರು, ಕುಟುಂಬಗಳು ನೆಲೆ ನಿಲ್ಲಲು ಜಾಗ ಮಾಡಿಕೊಟ್ಟರು. ಸ್ವಂತ ಜಾತಿಯವರ ಬಹಿಷ್ಕಾರ ಬಂದರೂ ನಿಲ್ಲಿಸಲಿಲ್ಲ. ಸುಮ್ನೆ ಅನ್ನ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವರು ಜನರು ತಮ್ಮ ಕಾಲ ಮೇಲೆ ನಿಲ್ಲುವ ದಾರಿ ಹುಡುಕಿದರು. ಇವತ್ತು ತರಗತಿಯಲ್ಲಿ ಕಲಿಸುವುದೂ ಅದನ್ನೇ. ಮಂಗಳೂರು ವೆಲೆನ್ಸಿಯದ ರೋಶನಿ ನಿಲಯ ಕಾಲೇಜಿನಲ್ಲಿ 1960ರಿಂದ ಸಮಾಜಕಾರ್ಯ ಕಲಿಸುತ್ತಿದ್ದಾರೆ. ಮಗಳು ದೂರ ಹೋಗಬೇಕಾಗಿಲ್ಲ.

ಹಣದ ವಿಷಯ ಮುಚ್ಚಿಡುವುದಿಲ್ಲ. ಸಂಸ್ಥೆಗಳಲ್ಲಿ ಶುರುವಿನ ಸಂಬಳ ಕಡಿಮೆ. ಸರಕಾರಿ ಯೋಜನೆಗಳಲ್ಲಿ ಗುತ್ತಿಗೆ ಕೆಲಸ ಜಾಸ್ತಿ. ಕಂಪೆನಿಗಳ ಎಚ್‌ಆರ್ (ಸಿಬ್ಬಂದಿ ವಿಭಾಗ) ಕಡೆ ಹೋದವರಿಗೆ ಪರವಾಗಿಲ್ಲ. ತುಂಬಾ ಕಾರ್ಮಿಕರಿರುವ ದೊಡ್ಡ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಬೇಕು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂತು, ಆ ಹುದ್ದೆಗೂ ಈ ಓದು ಆಗುತ್ತದೆ. ಆದರೆ ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ಎಲ್ಲ ಸಮಾಜಕಾರ್ಯಕರ್ತರಿಗೂ ಸೇರಿ ಒಂದು ಕೌನ್ಸಿಲ್ ನಮ್ಮ ದೇಶದಲ್ಲಿಲ್ಲ. ಅದಕ್ಕೇ ಯಾರು ಬೇಕಾದರೂ ಹೆಸರಿನ ಮುಂದೆ ಸಮಾಜಸೇವಕ ಎಂದು ಬ್ಯಾನರ್ ಹಾಕಿಸಬಹುದು. ನಿಮ್ಮ ಗೊಂದಲಕ್ಕೆ ಅದೂ ಒಂದು ಕಾರಣ.

ಅಡ್ಮಿಷನ್‌ಗೆ ಹೋದಾಗ ಕಾಲೇಜಿನವರನ್ನು ಒಂದು ವಿಷಯ ಕೇಳಿ: ಫೀಲ್ಡ್‌ವರ್ಕ್ ಎಲ್ಲಿ, ವಿದ್ಯಾರ್ಥಿಗಳು ಬರೆದ ವರದಿಯನ್ನು ಪ್ರತಿ ವಾರ ಓದುವವರು ಯಾರು? ಕಟ್ಟಡ, ಹಾಸ್ಟೆಲ್ ಆಮೇಲೆ ನೋಡಿದರಾಯಿತು. ಮತ್ತೆ ಮಗಳು ಸಂಜೆ ಫೀಲ್ಡಿನಿಂದ ಸಪ್ಪೆ ಮುಖ ಮಾಡಿಕೊಂಡು ಬಂದ ದಿನ, ಯಾರ ಮನೆಗೆ ಹೋಗಿದ್ದೆ, ಏನಾಯ್ತು ಎಂದು ಕೇಳಬೇಡಿ. ಅವಳು ಹೇಳುವ ಹಾಗಿಲ್ಲ. ಒಂದು ಚಾ ಮಾಡಿ ಕೊಡಿ.