ದಣಿದ ಟಿ ಕೋಶಗಳು: ಇಲಿಯ ವೈರಸ್ಸಿನಿಂದ ಕ್ಯಾನ್ಸರ್ ಔಷಧದವರೆಗೆ

ಇಲಿಗಳಿಗೆ ಬರುವ ಎಲ್‌ಸಿಎಂವಿ ಅನ್ನುವ ವೈರಸ್ಸಿನ ಎರಡು ತಳಿಗಳು ನಮ್ಮಂಥವರ ಲ್ಯಾಬ್‌ಗಳಲ್ಲಿ ಬಹಳ ಬಳಕೆಯಲ್ಲಿವೆ. ಒಂದರ ಹೆಸರು ಆರ್ಮ್‌ಸ್ಟ್ರಾಂಗ್, ಇನ್ನೊಂದರದು ಕ್ಲೋನ್ 13. ಎರಡಕ್ಕೂ ಇರುವ ವ್ಯತ್ಯಾಸ ತೀರಾ ಕಡಿಮೆ, ಬೆರಳೆಣಿಕೆಯಷ್ಟು ಅಮೈನೋ ಆಮ್ಲಗಳು ಮಾತ್ರ ಬೇರೆ. ಆದರೆ ಇಲಿಯ ಮೈಯಲ್ಲಿ ಅವು ನಡೆದುಕೊಳ್ಳುವ ರೀತಿಯೇ ಬೇರೆ. ಆರ್ಮ್‌ಸ್ಟ್ರಾಂಗ್ ತಗುಲಿದ ಇಲಿ ಸುಮಾರು ಎಂಟು ದಿನದಲ್ಲಿ ವೈರಸ್ಸನ್ನು ತೊಲಗಿಸಿಬಿಡುತ್ತದೆ. ಕ್ಲೋನ್ 13 ತಗುಲಿದ ಇಲಿಯ ರಕ್ತದಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಮೂತ್ರಪಿಂಡದಲ್ಲಂತೂ ಅದಕ್ಕಿಂತ ಜಾಸ್ತಿ ಕಾಲ.

ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಕಿಡ್ನಿ ಕ್ಯಾನ್ಸರ್‌ಗೆ ಇವತ್ತು ಕೊಡುವ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯಿಂದಲೇ ಕ್ಯಾನ್ಸರ್ ವಿರುದ್ಧ ಹೋರಾಡಿಸುವ ಚಿಕಿತ್ಸೆ, ಹೇಗೆ ಕೆಲಸ ಮಾಡುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಇಲಿಗಳಿಂದಲೇ ಶುರು ಮಾಡುತ್ತೇನೆ. ಸೋಂಕಿನ ಸಂಶೋಧನೆ ಬೇರೆ, ಕ್ಯಾನ್ಸರ್ ಸಂಶೋಧನೆ ಬೇರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣವಾದ ಟಿ ಕೋಶದ ಕಡೆಯಿಂದ ನೋಡಿದರೆ ಎರಡೂ ಒಂದೇ ಕೆಲಸ.

ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈ ಮೇಲೆ ತಂದು ತೋರಿಸುತ್ತಿರುತ್ತದೆ. ಒಳಗೆ ವೈರಸ್ ಸೇರಿಕೊಂಡಿದ್ದರೆ ವೈರಸ್ಸಿನ ಚೂರುಗಳೂ ಹೊರಗೆ ಬರುತ್ತವೆ. ಟಿ ಕೋಶಗಳು ತಿರುಗಾಡುತ್ತಾ ಈ ಚೂರುಗಳನ್ನು ಪರೀಕ್ಷಿಸುತ್ತವೆ. ಪರಕೀಯ ಅನಿಸಿದ್ದನ್ನು ತೋರಿಸುವ ಜೀವಕೋಶವನ್ನು ಕೊಲ್ಲುತ್ತವೆ. ಈ ಗುರುತಿಸುವಿಕೆಯ ನಿಯಮವನ್ನು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಝಿಂಕರ್‌ನಾಗೆಲ್ ಕಂಡುಹಿಡಿದರು. ಅವರು ಬಳಸಿದ್ದೂ ಇದೇ ಎಲ್‌ಸಿಎಂವಿ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರ್ ಜೀವಕೋಶದಲ್ಲಿ ಜೀನುಗಳು ಕೆಟ್ಟು ಪ್ರೋಟೀನುಗಳು ಬದಲಾಗಿರುತ್ತವಲ್ಲ, ಆ ಬದಲಾದ ಚೂರುಗಳೂ ಹೀಗೆಯೇ ಹೊರಗೆ ಕಾಣಿಸುತ್ತವೆ. ಎದುರಿಗಿರುವುದು ವೈರಸ್ಸೋ ಗಡ್ಡೆಯೋ ಅನ್ನುವುದು ಟಿ ಕೋಶಕ್ಕೆ ಬೇಕಿಲ್ಲ. ಅದು ನೋಡುವುದು ಚೂರನ್ನು ಮಾತ್ರ.

ಹಾಗಾದರೆ ಕ್ಲೋನ್ 13 ಇಲಿಯಲ್ಲಿ ಏನು ಎಡವಟ್ಟಾಗುತ್ತದೆ? ವೈರಸ್ ದೀರ್ಘಕಾಲ ಉಳಿದರೆ ಅದನ್ನು ಗುರುತಿಸುವ ಟಿ ಕೋಶಗಳು ಮಾಯವಾಗುತ್ತವೆ ಅಂತ 1993ರಲ್ಲಿ ಝಿಂಕರ್‌ನಾಗೆಲ್ ತಂಡ ವರದಿ ಮಾಡಿತು. 1998ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ರಫಿ ಅಹ್ಮದ್ ತಂಡ ಇನ್ನಷ್ಟು ಹತ್ತಿರದಿಂದ ನೋಡಿತು. ಎಲ್ಲ ಟಿ ಕೋಶಗಳೂ ಸತ್ತಿರಲಿಲ್ಲ. ಬಹಳಷ್ಟು ಅಲ್ಲೇ ಇದ್ದವು, ವೈರಸ್ಸನ್ನು ಗುರುತಿಸುತ್ತಲೂ ಇದ್ದವು. ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಇವನ್ನೇ ದಣಿದ ಟಿ ಕೋಶಗಳು ಅನ್ನುವುದು.

ಇದನ್ನು ಲ್ಯಾಬ್‌ನಲ್ಲಿ ಹೇಗೆ ನೋಡುತ್ತೇವೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲಿಯ ಗುಲ್ಮದಿಂದ (ಸ್ಪ್ಲೀನ್) ಜೀವಕೋಶಗಳನ್ನು ಬೇರ್ಪಡಿಸುತ್ತೇವೆ. ವೈರಸ್ಸಿನ ಒಂದು ಚೂರನ್ನು ಹಿಡಿದಿರುವ, ಬಣ್ಣ ಸೂಸುವ ಅಣುವನ್ನು ಅದಕ್ಕೆ ಸೇರಿಸುತ್ತೇವೆ. ಆ ಚೂರನ್ನು ಗುರುತಿಸುವ ಟಿ ಕೋಶಗಳಿಗೆ ಮಾತ್ರ ಬಣ್ಣ ಅಂಟಿಕೊಳ್ಳುತ್ತದೆ. ಅದೇ ಗುಲ್ಮದ ಇನ್ನೊಂದು ಪಾಲಿಗೆ ವೈರಸ್ಸಿನ ಚೂರು ಹಾಕಿ ಕೆಲವು ಗಂಟೆ ಕೆಣಕುತ್ತೇವೆ. ಕೋಶಗಳು ಕೆಲಸ ಮಾಡುವಾಗ ತಯಾರಿಸುವ ಪ್ರೋಟೀನು ಹೊರಗೆ ಹೋಗದ ಹಾಗೆ ತಡೆದು, ಒಳಗಡೆಯೇ ಅದಕ್ಕೆ ಬಣ್ಣ ಹಚ್ಚುತ್ತೇವೆ. ಆಮೇಲೆ ಫ್ಲೋ ಸೈಟೋಮೀಟರ್ ಅನ್ನುವ ಯಂತ್ರದಲ್ಲಿ ಒಂದೊಂದೇ ಕೋಶ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತದೆ, ಪರದೆ ಮೇಲೆ ಒಂದೊಂದು ಚುಕ್ಕೆಯಾಗಿ ಕಾಣುತ್ತದೆ. ಆರ್ಮ್‌ಸ್ಟ್ರಾಂಗ್ ಇಲಿಯಲ್ಲಿ ವೈರಸ್ಸನ್ನು ಗುರುತಿಸುವ ಕೋಶಗಳು ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಕೋಶಗಳು ಕೆಲಸವನ್ನೂ ಮಾಡುತ್ತಿರುತ್ತವೆ. ಕ್ಲೋನ್ 13 ಇಲಿಯಲ್ಲಿ ಈ ಎರಡು ಲೆಕ್ಕಗಳು ತಾಳೆಯಾಗುವುದಿಲ್ಲ. ಗುರುತಿಸುವ ಕೋಶಗಳ ಗುಂಪು ದೊಡ್ಡದಿರುತ್ತದೆ, ಕೆಲಸ ಮಾಡುವ ಗುಂಪು ಚಿಕ್ಕದು.

ಸಾಮರ್ಥ್ಯ ಹೋಗುವುದರಲ್ಲೂ ಒಂದು ಕ್ರಮವಿದೆ. ಮೊದಲು ಐಎಲ್-2 ಅನ್ನುವ, ಕೋಶಗಳು ವೃದ್ಧಿಯಾಗಲು ಬೇಕಾದ ಪ್ರೋಟೀನು ನಿಲ್ಲುತ್ತದೆ. ಆಮೇಲೆ ಉರಿಯೂತ ತರುವ ಟಿಎನ್‌ಎಫ್. ತೀರಾ ಕೊನೆಗೆ ವೈರಸ್ ವಿರುದ್ಧದ ಪ್ರೋಟೀನು ಇಂಟರ್‌ಫೆರಾನ್ ಗಾಮಾ. ವೈರಸ್ಸಿನ ಪ್ರಮಾಣ ಜಾಸ್ತಿ ಇದ್ದಷ್ಟೂ, ಅದು ಉಳಿದ ಕಾಲ ಹೆಚ್ಚಿದಷ್ಟೂ ಟಿ ಕೋಶ ಆಳವಾಗಿ ದಣಿಯುತ್ತದೆ.

ದಣಿದ ಕೋಶಗಳ ಮೈಮೇಲೆ ಪಿಡಿ-1 ಅನ್ನುವ ಪ್ರೋಟೀನು ದಟ್ಟವಾಗಿ ಇರುತ್ತದೆ. ಇದನ್ನು 1992ರಲ್ಲಿ ಕ್ಯೋಟೋದಲ್ಲಿ ತಾಸುಕು ಹೊಂಜೊ ತಂಡ ಪತ್ತೆ ಮಾಡಿತ್ತು. ಜೀವಕೋಶಗಳು ತಾವಾಗಿಯೇ ಸಾಯುವುದು ಹೇಗೆ ಅಂತ ಹುಡುಕುತ್ತಿದ್ದಾಗ ಸಿಕ್ಕಿದ್ದು. ಇದು ಟಿ ಕೋಶದ ಬ್ರೇಕ್ ಅಂತ ಆಮೇಲೆ ತಿಳಿಯಿತು. ಈ ಜೀನ್ ಇಲ್ಲದ ಇಲಿಗಳಿಗೆ ವಯಸ್ಸಾದಂತೆ ಲೂಪಸ್ ಥರದ ಕಾಯಿಲೆ ಬಂತು, ಅಂದರೆ ಅವುಗಳ ರೋಗನಿರೋಧಕ ವ್ಯವಸ್ಥೆ ತಮ್ಮ ದೇಹದ ಮೇಲೆಯೇ ತಿರುಗಿಬಿತ್ತು. ದೇಹ ಈ ಬ್ರೇಕನ್ನು ಸುಮ್ನೆ ಇಟ್ಟುಕೊಂಡಿಲ್ಲ. ವಾಸಿಯಾಗದ ಸೋಂಕಿನ ವಿರುದ್ಧ ಪೂರ್ತಿ ಬಲದಿಂದ ಹೋರಾಡುತ್ತಲೇ ಇದ್ದರೆ ಅಂಗಗಳೇ ಹಾಳಾಗುತ್ತವೆ. ಪಿಡಿ-1 ಬ್ರೇಕ್ ಹಾಕಲು ನೆರವಾಗುವ ಪಿಡಿ-ಎಲ್1 ಇಲ್ಲದ ಇಲಿಗಳಿಗೆ ಕ್ಲೋನ್ 13 ಕೊಟ್ಟಾಗ ಅವು ಕೆಲವೇ ದಿನಗಳಲ್ಲಿ ಸತ್ತವು.

2006ರಲ್ಲಿ ರಫಿ ಅಹ್ಮದ್ ತಂಡ ಕ್ಲೋನ್ 13 ತಗುಲಿದ ಇಲಿಗಳಿಗೆ ಈ ಬ್ರೇಕ್ ಬೀಳದಂತೆ ತಡೆಯುವ ಆಂಟಿಬಾಡಿ ಕೊಟ್ಟಿತು. ದಣಿದಿದ್ದ ಟಿ ಕೋಶಗಳು ಮತ್ತೆ ವೃದ್ಧಿಯಾದವು, ವೈರಸ್ ಕಡಿಮೆಯಾಯಿತು. ಅದೇ ವರ್ಷ ಎಚ್‌ಐವಿ ಸೋಂಕಿತರ ಟಿ ಕೋಶಗಳಲ್ಲೂ ಪಿಡಿ-1 ಜಾಸ್ತಿ ಇರುವುದು ಗೊತ್ತಾಯಿತು.

ಈಗ ಗಡ್ಡೆಯ ಬಗ್ಗೆ ಯೋಚಿಸಿ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದೇ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತಲೇ ಇರುತ್ತದೆ. ಕ್ಲೋನ್ 13 ಮಾಡುವುದೂ ಇದನ್ನೇ, ಅಲ್ವಾ? ಗಡ್ಡೆಯೊಳಗಿನ ಟಿ ಕೋಶಗಳನ್ನು ತೆಗೆದು ನೋಡಿದರೆ ಅವೇ ಲಕ್ಷಣಗಳು, ಅದೇ ಪಿಡಿ-1. ಇನ್ನೊಂದು ಕಡೆ ಜೇಮ್ಸ್ ಆಲಿಸನ್ ಸಿಟಿಎಲ್‌ಎ-4 ಅನ್ನುವ ಬೇರೊಂದು ಬ್ರೇಕನ್ನು ತಡೆದರೆ ಇಲಿಗಳ ಗಡ್ಡೆ ಕರಗುತ್ತದೆ ಅಂತ 1996ರಲ್ಲೇ ತೋರಿಸಿದ್ದರು. ಆ ದಾರಿಯಿಂದ ಬಂದ ಇಪಿಲಿಮುಮಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು. ಪಿಡಿ-1 ತಡೆಯುವ ಪೆಂಬ್ರೊಲಿಝುಮಾಬ್, ನಿವೊಲುಮಾಬ್ 2014ರಲ್ಲಿ ಬಂದವು. ಆಲಿಸನ್ ಮತ್ತು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ಈ ಔಷಧಗಳು ಬರುವ ಮುಂಚೆ, ಬೇರೆ ಅಂಗಗಳಿಗೆ ಹರಡಿದ ಮೆಲನೋಮಾ ಅಂದರೆ ಬಹುತೇಕರಿಗೆ ಒಂದು ವರ್ಷದ ಮಾತೂ ಕಷ್ಟವಿತ್ತು. ಈಗ ಅಂಥವರಲ್ಲಿ ಹಲವರು ವರ್ಷಗಟ್ಟಲೆ ಬದುಕಿದ್ದಾರೆ. ನನ್ನಂಥ ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಆದರೆ ಎಲ್ಲರಿಗೂ ಈ ಔಷಧ ಹಿಡಿಸುವುದಿಲ್ಲ. ಬಹಳಷ್ಟು ರೋಗಿಗಳಲ್ಲಿ ಗಡ್ಡೆ ಅಲುಗಾಡುವುದೂ ಇಲ್ಲ. ಒಂದು ಕಾರಣ ಸರಳ: ಗುರುತಿಸಲು ಚೂರುಗಳೇ ಇಲ್ಲದಿದ್ದರೆ ಬ್ರೇಕ್ ತೆಗೆದು ಏನು ಪ್ರಯೋಜನ? ಡಿಎನ್‌ಎ ತಪ್ಪುಗಳನ್ನು ತಿದ್ದುವ ಜೀನುಗಳು ಕೆಟ್ಟಿರುವ ಕ್ಯಾನ್ಸರ್‌ಗಳಲ್ಲಿ ಬದಲಾದ ಪ್ರೋಟೀನುಗಳು ಹೇರಳ. ಅಂಥ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೊಸ್ಟಾರ್ಲಿಮಾಬ್ ಅನ್ನುವ ಪಿಡಿ-1 ಔಷಧವೊಂದನ್ನೇ ಕೊಟ್ಟ ನ್ಯೂಯಾರ್ಕ್‌ನ ಪ್ರಯೋಗದ ಮೊದಲ ವರದಿ 2022ರಲ್ಲಿ ಬಂತು. ಚಿಕಿತ್ಸೆ ಮುಗಿಸಿದ್ದ 12 ಜನರಲ್ಲಿ ಹನ್ನೆರಡೂ ಜನರ ಗಡ್ಡೆ ಪರೀಕ್ಷೆಯಲ್ಲಿ ಕಾಣದಂತಾಗಿತ್ತು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಯಾವುದೂ ಇಲ್ಲದೆ. ಅದಕ್ಕೇ ಈ ಔಷಧ ಶುರು ಮಾಡುವ ಮೊದಲು ಗಡ್ಡೆಯ ಸಣ್ಣ ತುಣುಕನ್ನು ಪರೀಕ್ಷೆಗೆ ಕಳಿಸುವುದು. ರೋಗಿಗಳ ಮನೆಯವರಿಗೆ ಅದು ಸುಮ್ನೆ ತಡ ಅನಿಸಬಹುದು, ಖಂಡಿತ ಅಲ್ಲ.

ಇನ್ನೊಂದು ಕಾರಣ ಗೊತ್ತಾಗಿದ್ದು ಮತ್ತೆ ಕ್ಲೋನ್ 13 ಇಲಿಗಳಿಂದಲೇ. ಔಷಧ ಕೊಟ್ಟಾಗ ಪೂರ್ತಿ ದಣಿದ ಕೋಶ ಎದ್ದು ಕೂರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹಾಗಲ್ಲ. ದಣಿದವುಗಳ ನಡುವೆ ಟಿಸಿಎಫ್-1 ಅನ್ನುವ ಪ್ರೋಟೀನು ಇರುವ ಒಂದು ಸಣ್ಣ ಗುಂಪು ಇರುತ್ತದೆ. ಇವು ಹೆಚ್ಚಾಗಿ ಗುಲ್ಮ, ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಇರುತ್ತವೆ. ಔಷಧ ಬಿದ್ದಾಗ ವೃದ್ಧಿಯಾಗಿ ಹೊಸ ಕೋಶಗಳನ್ನು ಕಳಿಸುವುದು ಇವೇ ಅಂತ 2016ರಲ್ಲಿ ಸ್ಪಷ್ಟವಾಯಿತು. ಪೂರ್ತಿ ದಣಿದವುಗಳಲ್ಲಿ ಡಿಎನ್‌ಎ ಮಡಚಿಕೊಂಡಿರುವ ರೀತಿಯೇ ಬದಲಾಗಿಬಿಟ್ಟಿರುತ್ತದೆ. ಹೆಪಟೈಟಿಸ್ ಸಿ ಸೋಂಕು ಮಾತ್ರೆಗಳಿಂದ ಪೂರ್ತಿ ವಾಸಿಯಾದವರಲ್ಲೂ ಆ ಗುರುತುಗಳು ಟಿ ಕೋಶಗಳಲ್ಲಿ ಉಳಿದಿರುತ್ತವೆ. ಹಾಗಾಗಿ ಔಷಧವನ್ನು ಯಾವಾಗ ಕೊಡುತ್ತೇವೆ ಅನ್ನುವುದೂ ಮುಖ್ಯ. ಶಸ್ತ್ರಚಿಕಿತ್ಸೆ ಆದ ಮೇಲೆ ಮಾತ್ರ ಕೊಡುವುದಕ್ಕಿಂತ ಮುಂಚಿನಿಂದಲೇ ಶುರು ಮಾಡಿದರೆ ಮೆಲನೋಮಾ ಮರುಕಳಿಸುವುದು ಕಡಿಮೆ ಅಂತ 2023ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಗಡ್ಡೆ ಇನ್ನೂ ಒಳಗೆ ಇರುವಾಗ ಟಿ ಕೋಶಗಳಿಗೆ ಗುರುತು ಹಿಡಿಯಲು ಚೂರುಗಳು ಜಾಸ್ತಿ ಸಿಗುತ್ತವೆ ಅನ್ನುವುದು ಇದರ ಹಿಂದಿನ ತರ್ಕ.

ಇಷ್ಟು ಕೇಳಿದ ಮೇಲೆ ಬ್ರೇಕ್ ತೆಗೆದಷ್ಟೂ ಒಳ್ಳೆಯದು ಅನಿಸುತ್ತದೆ. ಟಿಬಿ ಆ ಲೆಕ್ಕವನ್ನು ಬುಡಮೇಲು ಮಾಡಿತು. ಟಿಬಿ ಕೂಡ ದೀರ್ಘಕಾಲದ ಸೋಂಕೇ ತಾನೆ. ಪಿಡಿ-1 ಇಲ್ಲದ ಇಲಿಗಳು ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಎದುರಿಸಬೇಕಿತ್ತು. ಎದುರಿಸಲಿಲ್ಲ. ಮಾಮೂಲಿ ಇಲಿಗಳು ತಿಂಗಳುಗಟ್ಟಲೆ ಬದುಕಿದರೆ ಇವು ಕೆಲವೇ ವಾರಗಳಲ್ಲಿ ಸತ್ತವು. ಶ್ವಾಸಕೋಶ ಕೊಳೆತು ಹೋಗಿತ್ತು, ಬ್ಯಾಕ್ಟೀರಿಯಾ ಇನ್ನೂ ಹೆಚ್ಚಾಗಿತ್ತು. ಸಿಡಿ4 ಅನ್ನುವ ಬಗೆಯ ಟಿ ಕೋಶಗಳನ್ನು ತೆಗೆದುಹಾಕಿದಾಗ ಅದೇ ತಳಿಯ ಇಲಿಗಳು ಆ ಬೇಗನೆಯ ಸಾವಿನಿಂದ ಪಾರಾದವು. ಅಂದರೆ ಕೊಂದದ್ದು ಅಂಕೆ ಮೀರಿದ ಪ್ರತಿರೋಧವೇ. ಮನುಷ್ಯರಲ್ಲೂ ಪಿಡಿ-1 ಔಷಧ ತೆಗೆದುಕೊಂಡ ಕೆಲವು ಕ್ಯಾನ್ಸರ್ ರೋಗಿಗಳಿಗೆ ಒಳಗೆ ಸುಮ್ಮನಿದ್ದ ಟಿಬಿ ಎದ್ದ ವರದಿಗಳಿವೆ. ಇದಕ್ಕೆ ಉಲ್ಟಾ, ಸಂಧಿವಾತಕ್ಕೆ ಕೊಡುವ ಟಿಎನ್‌ಎಫ್ ತಡೆಯುವ ಔಷಧಗಳಿಂದಲೂ ಟಿಬಿ ಏಳುತ್ತದೆ ಅಂತ 2001ರಿಂದಲೇ ಗೊತ್ತು. ಪ್ರತಿರೋಧ ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ.

ಇದಕ್ಕೇ "ಇಮ್ಯುನಿಟಿ ಹೆಚ್ಚಿಸುತ್ತದೆ" ಅನ್ನುವ ಜಾಹೀರಾತು ಕಂಡಾಗ ನನಗೆ ಸಿಟ್ಟು ಬರುವುದು. ಯಾವ ಕೋಶ, ಯಾವ ಜಾಗದಲ್ಲಿ, ಯಾವ ಶತ್ರುವಿನ ಮೇಲೆ ಅಂತ ಹೇಳದೆ ಹೆಚ್ಚಿಸುತ್ತೇವೆ ಅಂದರೆ ಅದರಲ್ಲಿ ಹುರುಳಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಅಂಥ ಪುಡಿ, ಮಾತ್ರೆಗಳನ್ನು ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬೇಡಿ.

ಹೋರಾಟವೇ ಬೇಡದ ಹಾಗೆ ಮಾಡುವ ದಾರಿಯೂ ಇದೆ. 2018ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಬಂದ ಕ್ಯಾನ್ಸರ್‌ಗಳಲ್ಲಿ ಸುಮಾರು 13 ಪರ್ಸೆಂಟ್, ಅಂದರೆ 22 ಲಕ್ಷದಷ್ಟು, ಸೋಂಕಿನಿಂದ ಬಂದವು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್, ಹೆಪಟೈಟಿಸ್ ಬಿ ಮತ್ತು ಸಿ, ಹೊಟ್ಟೆಯ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಇದರಲ್ಲಿ ಮುಖ್ಯವಾದವು. ತೈವಾನ್ 1984ರಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ಲಸಿಕೆ ಹಾಕಿಸಿ ಅಂತ ಬೇರೆ ಹೇಳಬೇಕಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪಿಡಿ-1 ಔಷಧ ಶುರುವಾಗುತ್ತಿದ್ದರೆ, ಹಿಂದೆ ಟಿಬಿ ಬಂದಿತ್ತಾ, ಟಿಬಿ ಇದ್ದವರ ಜೊತೆ ಇದ್ದರಾ, ಹೆಪಟೈಟಿಸ್ ಬಿ ಇದೆಯಾ, ಲೂಪಸ್, ಸಂಧಿವಾತದಂಥ ಕಾಯಿಲೆ ಇದೆಯಾ ಅಂತ ಡಾಕ್ಟರಿಗೆ ಮೊದಲೇ ತಿಳಿಸಿ. ಶುರುವಾದ ಮೇಲೆ ನಿಲ್ಲದ ಭೇದಿ, ಹೊಸ ಕೆಮ್ಮು ಅಥವಾ ಉಸಿರಾಟದ ತೊಂದರೆ, ಎದೆನೋವು, ವಿಪರೀತ ಸುಸ್ತು, ಮೈಮೇಲೆ ಗುಳ್ಳೆ ಕಂಡರೆ ಕಾಯಬೇಡಿ. ಟಿ ಕೋಶಗಳು ಕರುಳು, ಶ್ವಾಸಕೋಶ, ಹೃದಯ, ಥೈರಾಯ್ಡ್ ಮೇಲೆ ತಿರುಗಿರಬಹುದು. ಬೇಗ ಗೊತ್ತಾದರೆ ಇವುಗಳಲ್ಲಿ ಹೆಚ್ಚಿನವು ಸ್ಟೀರಾಯ್ಡ್‌ನಿಂದ ಹಿಡಿತಕ್ಕೆ ಬರುತ್ತವೆ. ಕೆಲವರಿಗೆ ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಹೀಗಾಗುತ್ತದೆ. ಅದಕ್ಕೆ ಆಮೇಲೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲುನೋವಿಗೆ ಹೋದರೂ ಸರಿ, ಈ ಔಷಧ ತೆಗೆದುಕೊಂಡಿದ್ದನ್ನು ಹೇಳಿ.