ನೀರು ತಿಳಿಯಾಗಿದೆ, ಮೀನು ಚುರುಕಾಗಿವೆ; ಫಲಿತಾಂಶ ಯಾಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ: ಜೀಬ್ರಾ ಮೀನಿನ ಭ್ರೂಣದ ಮೇಲೆ ಅದೇ ಔಷಧ, ಅದೇ ಪ್ರಮಾಣ ಬಳಸಿದೆವು. ಜನವರಿಯಲ್ಲಿ ಬಂದ ಫಲಿತಾಂಶ ಮೇ ತಿಂಗಳಲ್ಲಿ ಬರಲಿಲ್ಲ. ತೊಟ್ಟಿಯ ನೀರು ತಿಳಿಯಾಗಿದೆ, ಮೀನು ಚೆನ್ನಾಗಿ ತಿನ್ನುತ್ತಿವೆ. ತಪ್ಪು ಎಲ್ಲಿದೆ?
(ಎಂ.ಎಸ್ಸಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಬೇಸಿಗೆ ಬಂತೆಂದರೆ ಕಲಬುರಗಿ, ಬೀದರ್ ಕಡೆಯಿಂದ ಈ ಪ್ರಶ್ನೆಯೂ ಬರುತ್ತದೆ. ‘ನೀರು ತಿಳಿಯಾಗಿದೆ’ ಎಂಬ ಮಾತು ಅದರಲ್ಲಿ ತಪ್ಪುವುದೇ ಇಲ್ಲ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಇದು, ಹಾಗಾಗಿ ಮೊದಲು ಇದನ್ನೇ ಬಿಡಿಸುತ್ತೇನೆ.

ತಿಳಿ ನೀರೆಂದರೆ ಕಣ್ಣಿಗೆ ಕಾಣುವ ಕಸ ಇಲ್ಲ, ಅಷ್ಟೇ. ಮೀನಿಗೆ ವಿಷವಾದ ಅಮೋನಿಯಾಕ್ಕೆ ಬಣ್ಣವಿಲ್ಲ, ಅದರಿಂದ ಹುಟ್ಟುವ ನೈಟ್ರೈಟಿಗೂ ಇಲ್ಲ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ಅಮೋನಿಯಂ ಅಯಾನು ಮತ್ತು ಮುಕ್ತ ಅಮೋನಿಯಾ. ಹೆಚ್ಚು ವಿಷ ಎರಡನೆಯದು. ಅದರ ಪಾಲನ್ನು ಮುಖ್ಯವಾಗಿ ನಿರ್ಧರಿಸುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ. 28 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಮುಕ್ತ ಅಮೋನಿಯಾ ಶೇ 1ಕ್ಕಿಂತ ಕಡಿಮೆ, 8 ಆದರೆ ಶೇ 6ರಿಂದ 7, 8.5 ಆದರೆ ಸುಮಾರು ಶೇ 18. ಮೀನು ಅವೇ, ಆಹಾರ ಅದೇ, ನೀರು ಅಷ್ಟೇ ತಿಳಿ, ವಿಷ ಮಾತ್ರ ಇಪ್ಪತ್ತೈದು ಪಟ್ಟು.

ನಮ್ಮ ಬೋರ್ ನೀರು ಗೊತ್ತೇ ಇದೆ. ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣಕಲ್ಲು; ಬೇಳೆ ಬೇಯದ, ಬಕೆಟ್ಟಿಗೆ ಬಿಳಿ ಪದರ ಕಟ್ಟುವ ನೀರು. ಬೋರ್‌ನಿಂದ ಎತ್ತಿದ ಕೂಡಲೇ ಪಿಎಚ್ ನೋಡಿ 7.3 ಎಂದು ಬರೆದಿಡುತ್ತೀರಿ. ತೊಟ್ಟಿಯಲ್ಲಿ ಗಾಳಿಯಾಡಿದಾಗ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ 8 ದಾಟುತ್ತದೆ. 24 ಗಂಟೆ ಗಾಳಿಯಾಡಿಸಿದ ಮೇಲೆ ಅಳೆಯಿರಿ. ಬೇಸಿಗೆಯಲ್ಲಿ ಆವಿಯಾದಷ್ಟು ನೀರನ್ನು ಮತ್ತೆ ಬೋರ್ ನೀರಿನಿಂದಲೇ ತುಂಬಿಸಬೇಡಿ; ನೀರು ಆವಿಯಾದರೂ ಲವಣ ಉಳಿಯುತ್ತದೆ, ವಾರ ವಾರಕ್ಕೆ ಸಾಂದ್ರವಾಗುತ್ತದೆ. ಅಷ್ಟನ್ನು ಆರ್‌ಒ ನೀರಿನಿಂದ ತುಂಬಿಸಿ. ಹಾಗೆಂದು ಇಡೀ ತೊಟ್ಟಿಗೆ ಬರೀ ಆರ್‌ಒ ನೀರು ಸುರಿದರೆ ಪಿಎಚ್ ಹಿಡಿದಿಡುವ ಶಕ್ತಿಯೇ ಇರುವುದಿಲ್ಲ. ಅದಕ್ಕೆ ಲವಣ, ಬೈಕಾರ್ಬನೇಟ್ ಸೇರಿಸಲೇಬೇಕು.

‘ಚೆನ್ನಾಗಿ ತಿನ್ನುತ್ತಿವೆ’ ಎಂಬುದೂ ಸಾಕ್ಷಿಯಲ್ಲ. ಸ್ಯೂಡೊಲೋಮಾ ನ್ಯೂರೊಫಿಲಿಯಾ ಎಂಬ ಪರಾವಲಂಬಿ ಮೆದುಳು, ಬೆನ್ನುಹುರಿಯಲ್ಲಿ ಕೂತಿದ್ದರೂ ಎಷ್ಟೋ ಮೀನು ಹೊರನೋಟಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಅವುಗಳ ಮೇಲೆ ನಡವಳಿಕೆಯ ಪ್ರಯೋಗ ಮಾಡಿದರೆ ನೀವು ಅಳೆಯುವುದು ಔಷಧವನ್ನೋ ರೋಗವನ್ನೋ ಹೇಳಲಾಗದು. ಪಿಸಿಆರ್ ಪರೀಕ್ಷೆಯಿಂದಷ್ಟೇ ಅಥವಾ ಅಂಗಾಂಶ ಸೀಳಿ ನೋಡಿದರಷ್ಟೇ ತಿಳಿಯುತ್ತದೆ.

ಇನ್ನು ನಿಮ್ಮ ಮೇ ತಿಂಗಳು. ಭ್ರೂಣದ ವಯಸ್ಸನ್ನು ಗಂಟೆಗಳಲ್ಲಿ ಹೇಳುವಾಗ 28.5 ಡಿಗ್ರಿಯ ಲೆಕ್ಕ ಅದು. 24 ಗಂಟೆಯ ಹಂತಕ್ಕೆ ಬರಲು 25 ಡಿಗ್ರಿಯಲ್ಲಿ ಸುಮಾರು 30 ಗಂಟೆ ಬೇಕು. 32ರಲ್ಲಿ 20 ಗಂಟೆ ಸಾಕು. ಹೊರಗೆ 42 ಡಿಗ್ರಿ ಇದ್ದು ರಾತ್ರಿ ಕರೆಂಟ್ ಹೋಗಿ ಏಸಿ ನಿಂತಿದ್ದರೆ, ನೀವು ಔಷಧ ಹಾಕಿದ್ದು ಬೇರೆಯೇ ಹಂತದ ಭ್ರೂಣಕ್ಕೆ. ಗರಿಷ್ಠ–ಕನಿಷ್ಠ ತೋರಿಸುವ ಥರ್ಮಾಮೀಟರನ್ನು ಗೋಡೆಗಲ್ಲ, ನೀರಿಗೇ ಇಳಿಬಿಡಿ. ಭ್ರೂಣದ ತಟ್ಟೆ ಇಡುವ ಇನ್‌ಕ್ಯುಬೇಟರಿನೊಳಗೂ ಒಂದಿರಲಿ. ಹಂತವನ್ನು ಗಡಿಯಾರದಿಂದಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಧರಿಸಿ.

ಉಷ್ಣಾಂಶ, ಪಿಎಚ್, ಲವಣ ಎಷ್ಟಿದೆ ಎಂದು ತೋರಿಸುವ ವಾಹಕತೆ ದಿನಾ ಬರೆಯಿರಿ. ಅಮೋನಿಯಾ, ನೈಟ್ರೈಟ್ ವಾರಕ್ಕೊಮ್ಮೆ. ಹೊಸ ಫಿಲ್ಟರ್ ಪಳಗಲು, ಅಂದರೆ ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಲು, 4ರಿಂದ 6 ವಾರ ಬೇಕು. ಅದರ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸತ್ತು ಮತ್ತೆ ಮೊದಲಿನಿಂದ ಶುರು; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ನೀವು ಕೇಳದ ಒಂದು ಮಾತೂ ಇದೆ. ಭ್ರೂಣ ಬಿಟ್ಟು ಬೆಳೆದ ಮೀನಿನ ಪ್ರಯೋಗಕ್ಕೆ ಇಳಿದಾಗ, ಒಂದು ತೊಟ್ಟಿಯಲ್ಲಿ 20 ಮೀನು ಇಟ್ಟು ನೀರಿಗೆ ಔಷಧ ಬೆರೆಸಿದರೆ ಮಾದರಿಯ ಸಂಖ್ಯೆ 20 ಅಲ್ಲ, 1. ಇಪ್ಪತ್ತೂ ಕುಡಿದದ್ದು ಒಂದೇ ನೀರು. ಔಷಧಕ್ಕೊಂದು, ನಿಯಂತ್ರಣಕ್ಕೊಂದು (ಹೋಲಿಕೆಗೆ ಔಷಧ ಹಾಕದೆ ಇಡುವುದು) ತೊಟ್ಟಿ ಇಟ್ಟರೆ ಕಂಡ ವ್ಯತ್ಯಾಸ ಔಷಧದ್ದೋ ತೊಟ್ಟಿಯದ್ದೋ ಬೇರ್ಪಡಿಸಲು ದಾರಿಯಿಲ್ಲ. ಅದೇ 20 ಮೀನನ್ನು 4ರಂತೆ 5 ತೊಟ್ಟಿಗೆ ಹಂಚಿ, ನಿಯಂತ್ರಣಕ್ಕೂ 5 ಇಡಿ. ಯಾವ ತೊಟ್ಟಿ ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಒಂದು ಗುಂಪನ್ನೇ ಮೇಲಿನ ಹಲಗೆಗೆ, ಇನ್ನೊಂದನ್ನು ಕೆಳಗೆ ಜೋಡಿಸಬೇಡಿ. ಮೇಲೆ ಬೆಳಕೂ ಹೆಚ್ಚು, ಬಿಸಿಯೂ ಹೆಚ್ಚು.