ಲಟಕ್ ಅನ್ನದಿದ್ದರೆ ದುಡ್ಡು ದಂಡವಾ?

‘ಎಂತ ಡಾಕ್ಟ್ರೇ, ಇವತ್ತು ಸದ್ದೇ ಬರ್ಲಿಲ್ಲ?’ ಎಂದು ಮುಖ ಸಣ್ಣದು ಮಾಡಿಕೊಂಡು ಮಂಚದಿಂದ ಇಳಿಯುವವರು ಈಗೀಗ ಜಾಸ್ತಿಯಾಗಿದ್ದಾರೆ. ನಾನು ಫಿಸಿಯೋಥೆರಪಿಸ್ಟ್. ಬೆನ್ನುಮೂಳೆಯ ಕೀಲುಗಳಿಗೆ ಕೈಯಲ್ಲೇ ಚಿಕಿತ್ಸೆ ಕೊಡುವುದು ನನ್ನ ಕೆಲಸದ ಒಂದು ಭಾಗ. ಬರುವವರು ಮೊಬೈಲಿನಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನು-ಕತ್ತಿನ ಕೀಲುಗಳನ್ನು ಕೈಯಿಂದ ತಟ್ಟನೆ ಒತ್ತಿ ತಿರುಗಿಸುವ ಚಿಕಿತ್ಸೆಯ ವಿಡಿಯೋ ನೋಡಿರುತ್ತಾರೆ. ಕತ್ತು ಲಟಕ್ ಅನ್ನಬೇಕು, ಜರುಗಿದ ಮೂಳೆ ಕೂತುಕೊಳ್ಳಬೇಕು, ತಿಂಗಳುಗಟ್ಟಲೆ ಕೂಡಿಟ್ಟ ಟೆನ್ಷನ್ ಅಲ್ಲೇ ಇಳಿಯಬೇಕು.

ಮೂಳೆ ಜರುಗಿರುವುದಿಲ್ಲ ಮಾರಾಯ್ರೇ. ಕೀಲಿನೊಳಗೆ ಸ್ವಲ್ಪ ದ್ರವ ಇರುತ್ತದೆ. ಕೀಲನ್ನು ತಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗುತ್ತದೆ. ಕೆನಡಾದ ಸಂಶೋಧಕರು ಬೆರಳಿನ ನೆಟಿಗೆ ತೆಗೆಯುವುದನ್ನು ಎಂಆರ್‌ಐ ಯಂತ್ರದಲ್ಲಿ ಸೆರೆಹಿಡಿದು 2015ರಲ್ಲಿ ಇದನ್ನು ತೋರಿಸಿದರು. ಸದ್ದು ಬರುವುದು ಗುಳ್ಳೆ ಹುಟ್ಟುವಾಗಲೋ ಕುಸಿಯುವಾಗಲೋ ಎಂಬ ತಕರಾರು ತಿಳಿದವರಲ್ಲಿದೆ. ಮೂಳೆ ಕೂತ ಸದ್ದು ಅದಲ್ಲ ಅನ್ನುವುದರಲ್ಲಿ ತಕರಾರಿಲ್ಲ. ಬೇಕಾದರೆ ಈಗಲೇ ಒಂದು ಬೆರಳಿನ ನೆಟಿಗೆ ತೆಗೆಯಿರಿ. ಅದೇ ಬೆರಳಿಗೆ ಇನ್ನು ಸುಮಾರು 20 ನಿಮಿಷ ಸದ್ದು ಬರುವುದಿಲ್ಲ. ಆಮೇಲೆ ಮತ್ತೆ ಬರುತ್ತದೆ. ಅಷ್ಟರಲ್ಲಿ ನಿಮ್ಮ ಬೆರಳಿನ ಮೂಳೆ ಜರುಗಿಬಿಟ್ಟಿತಾ?

ಹಾಗಾದರೆ ಹಗುರ ಅನ್ನಿಸುವುದು ಸುಳ್ಳಾ? ಅಲ್ಲ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನೋವು ಇಳಿಯುತ್ತದೆ. ಸದ್ದು ಬರದಿದ್ದರೂ ಇಳಿಯುತ್ತದೆ. ಆದರೆ ಬಿಗಿತದ ಕಾರಣ ಮನೆಯಲ್ಲೇ ಇದ್ದರೆ ಬಿಗಿತವೂ ನಿಮ್ಮ ಹಿಂದೆಯೇ ಬಸ್ಸು ಹತ್ತಿ ಬರುತ್ತದೆ.

ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರು ಕತ್ತಿನ ಮೂಳೆ ಜರುಗಿದೆ ಅಂತಲೇ ಬಂದಿದ್ದರು. ಅಡಿಕೆ ಕೊಯ್ಲಿನ ಕಾಲ. ಸಂಜೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಏಳುವುದು ಸರಿರಾತ್ರಿಗೆ. ಮೇಲಿಂದ ತೋಟಕ್ಕೆ ಎಲೆಚುಕ್ಕಿ ರೋಗ, ಸೊಸೈಟಿ ಸಾಲ, ನಿದ್ದೆ ಇಲ್ಲ. ಭುಜ ಎರಡೂ ಕಿವಿಗೆ ತಾಗುವ ಹಾಗೆ ಏರಿದ್ದವು. ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿ, ನಾಲ್ಕು ಹೆಜ್ಜೆ ನಡೀರಿ ಅಂದೆ. ‘ಸುಲಿಯೋರ ಮಧ್ಯೆ ನಾನೊಬ್ಬಳೇ ಸುಮ್ನೆ ಹೆಂಗೆ ಏಳ್ಲಿ?’ ಅಂದರು. ಮುಂದಿನ ಸಲ ಬಂದಾಗ ನಗುತ್ತಿದ್ದರು. ಎಲ್ಲರಿಗೂ ಕಾಫಿ, ನೀರು ತರುವ ಕೆಲಸ ತಾವೇ ವಹಿಸಿಕೊಂಡಿದ್ದರಂತೆ. ಎಂಥ ಜಾಣತನ ನೋಡಿ! ಸಾಲ ತೀರಿರಲಿಲ್ಲ. ಕತ್ತು ಮಾತ್ರ ತಿರುಗುತ್ತಿತ್ತು.

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಶುರು ಮಾಡಿದ ಡಿ. ಡಿ. ಪಾಮರ್, ಬಹುತೇಕ ಕಾಯಿಲೆಗಳಿಗೆ ಬೆನ್ನುಮೂಳೆ ಜರುಗಿದ್ದೇ ಕಾರಣ ಎಂದು ನಂಬಿದ್ದ. ಆ ವಾದ ಇವತ್ತು ನಿಲ್ಲುವುದಿಲ್ಲ. ಸೊಂಟ ನೋವಿಗೆ ಕೈಚಿಕಿತ್ಸೆ ಹೆಚ್ಚುಕಡಿಮೆ ವ್ಯಾಯಾಮದಷ್ಟೇ ಕೆಲಸ ಮಾಡುತ್ತದೆ, ಅಷ್ಟು ಹೇಳಬಲ್ಲೆ. ಜೀವನಪೂರ್ತಿ ತಿಂಗಳಿಗೊಮ್ಮೆ ಮಾಡಿಸಿದರೆ ಒತ್ತಡವೇ ಹತ್ತಿರ ಬರಲ್ಲ, ಬಿಪಿ ಇಳಿಯುತ್ತದೆ ಅನ್ನುವ ಪ್ಯಾಕೇಜನ್ನು ನಾನು ಮಾರುವುದಿಲ್ಲ. ಆಗಾಗ ಬರಬೇಡಿ ಅಂತಲ್ಲ. ಬನ್ನಿ. ಎಲ್ಲಿ ಬಿಗಿದಿದೆ ನೋಡೋಣ, ಹೇಳಿಕೊಟ್ಟ ವ್ಯಾಯಾಮ ಮಾಡಿದ್ದೀರಾ ಅಂತ ಬೈಯೋಣ. ಹೆಚ್ಚಿನವರು ಮಾಡಿರುವುದಿಲ್ಲ, ಅದು ಭುಜ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.

ಕತ್ತಿನ ವಿಷಯದಲ್ಲಿ ಮಾತ್ರ ನಾನು ಹೆದರುಪುಕ್ಕಲ. ಕತ್ತನ್ನು ರಭಸವಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಒಳಗೇ ಸೀಳಿ ಪಾರ್ಶ್ವವಾಯು ಆಗಿರುವುದುಂಟು. ತೀರಾ ಅಪರೂಪ, ಆದರೂ ಉಂಟು. ಹಾಗಾಗಿ ಕಟಿಂಗ್ ಮುಗಿದ ಮೇಲೆ ಅಂಗಡಿಯವರು ಪ್ರೀತಿಯಿಂದ ತಲೆ ಹಿಡಿದರೆ ಬೇಡ ಅನ್ನಿ. ಮೂಳೆ ಸವೆತ ಇರುವವರು ಯಾರ ಕೈಗೆ ಬೆನ್ನು ಕೊಡುವ ಮೊದಲೂ ಅದನ್ನು ಹೇಳಿ. ಜ್ವರದ ಜೊತೆ ಬೆನ್ನುನೋವು ಬಂದರೆ ಮೊದಲು ವೈದ್ಯರಿಗೆ ತೋರಿಸಿ. ಕಾಲಿನ ಬಲ ಕಡಿಮೆಯಾದರೆ, ಕೂರುವ ಜಾಗ ಮರಗಟ್ಟಿದರೆ, ಇಲ್ಲವೇ ಮೂತ್ರದ ಹಿಡಿತ ತಪ್ಪಿದರೆ ನನ್ನ ಹತ್ತಿರವೂ ಬರಬೇಡಿ. ರಾತ್ರಿಯಾದರೂ ಸರಿ, ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ.